ಬಾರ್‌ಕೋಡ್ ಸ್ಕ್ಯಾನರ್ ಟ್ರಿಗರ್ ಮತ್ತು ಟೈಮ್‌ಔಟ್: ಪದೇ ಪದೇ ಕೇಳುವ ಪ್ರಶ್ನೆಗಳು

"ಸರ್ರ, ಸ್ಕ್ಯಾನರ್ ಕೆಟ್ಟೈತ್ರಿ, ಒಮ್ಮೆ ಬಂದು ಹೋಗ್ರಿ" ಅಂತ ಫೋನ್ ಬಂದ ಕೂಡಲೇ ನಾನು ಬ್ಯಾಗ್ ಎತ್ತಿಕೊಂಡು ಹೊರಡುವುದಿಲ್ಲ. "ಕೆಂಪು ಲೈಟ್ ಎಷ್ಟು ಹೊತ್ತು ಉರೀತದ, ಎಣಿಸಿ ಹೇಳ್ರಿ" ಅಂತ ಕೇಳುತ್ತೇನೆ. ಅರ್ಧಕ್ಕರ್ಧ ಕೇಸು ಅಲ್ಲೇ ಮುಗಿಯುತ್ತದೆ. ಸ್ಕ್ಯಾನರ್ ಚೆನ್ನಾಗಿಯೇ ಇರುತ್ತದೆ. ಅದಕ್ಕೆ ಯಾವಾಗ ಕಣ್ಣು ಬಿಡಬೇಕು, ಎಷ್ಟು ಹೊತ್ತಿಗೆ ಮುಚ್ಚಬೇಕು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ, ಅಷ್ಟೇ.

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ, ಹೈಡ್ರಾಲಿಕ್ ಶಾಪ್‌ಗಳು, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳು, ವಿಜಯಪುರದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್‌ಗಳು. ಈ ಮೂರು ಕಡೆ ಓಡಾಡುವಾಗ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಇಟ್ಟಿದ್ದೇನೆ.

ಟ್ರಿಗರ್ ಅಂದ್ರೆ ಆ ಬಟನ್ ತಾನೇ? ಅದರಲ್ಲಿ ಸೆಟ್ ಮಾಡೋದು ಏನಿದೆ?

ಬಟನ್ ಒಂದು ಬಗೆಯ ಟ್ರಿಗರ್, ಅಷ್ಟೇ. "ಈಗ ಓದು" ಅಂತ ಸ್ಕ್ಯಾನರಿಗೆ ಯಾರು ಹೇಳುತ್ತಾರೆ ಅನ್ನುವುದೇ ಟ್ರಿಗರ್.

ಕೈಯಲ್ಲಿ ಹಿಡಿಯುವ ಸ್ಕ್ಯಾನರಿನಲ್ಲಿ ಸಾಮಾನ್ಯವಾಗಿ ಇರುವುದು ಲೆವೆಲ್ ಮೋಡ್. ಬಟನ್ ಒತ್ತಿ ಹಿಡಿದಷ್ಟು ಹೊತ್ತು ಹುಡುಕುತ್ತದೆ. ಕೋಡ್ ಸಿಕ್ಕರೆ ಬೀಪ್ ಹೊಡೆದು ಆರುತ್ತದೆ, ಬೆರಳು ಬಿಟ್ಟರೂ ಆರುತ್ತದೆ. ಇನ್ನೊಂದು ಪ್ರೆಸೆಂಟೇಶನ್ ಮೋಡ್. ಸ್ಟ್ಯಾಂಡಿನಲ್ಲಿ ಕೂತಿರುತ್ತದೆ, ಎದುರಿಗೆ ಏನಾದರೂ ಬಂದರೆ ತಾನೇ ಎದ್ದು ಓದುತ್ತದೆ. ಬೆಲ್ಟಿನ ಪಕ್ಕ ಬೋಲ್ಟ್ ಹಾಕಿ ಕೂರಿಸಿದ ಸ್ಕ್ಯಾನರಿಗೆ ಫೋಟೊ ಸೆನ್ಸರ್ (ಪೆಟ್ಟಿಗೆ ಬಂದದ್ದನ್ನು ಬೆಳಕಿನ ಕಿರಣದಿಂದ ಗುರುತಿಸುವ ಸಾಧನ) ಹೇಳುತ್ತದೆ, ಇಲ್ಲವೇ ಪಿಎಲ್‌ಸಿ (ಲೈನಿನ ಯಂತ್ರಗಳನ್ನು ನಡೆಸುವ ಕಂಟ್ರೋಲರ್) ಅಥವಾ ಕಂಪ್ಯೂಟರ್ ಕಮಾಂಡ್ ಕಳಿಸುತ್ತದೆ. ಕೊನೆಗೆ ಕಂಟಿನ್ಯುಯಸ್ ಅಂತ ಒಂದಿದೆ. ಯಾರೂ ಹೇಳುವುದೇ ಬೇಡ, ಹಗಲೂ ರಾತ್ರಿ ಓದುತ್ತಲೇ ಇರುತ್ತದೆ.

ಕಂಟಿನ್ಯುಯಸ್ ನೋಡಲು ಬಹಳ ಸುಲಭ. ಹಾಗಾಗಿ ಅವಸರದಲ್ಲಿ ಫಿಟ್ ಮಾಡಿದವರು ಅದನ್ನೇ ಹಾಕಿ ಹೋಗಿರುತ್ತಾರೆ. ನನ್ನ ಮಟ್ಟಿಗೆ ಅದು ಲೈನಿಗೆ ಹಾಕುವ ಮೋಡ್ ಅಲ್ಲ. ಲೇಬಲ್ ಇಲ್ಲದ ಪೆಟ್ಟಿಗೆ ಹಾದು ಹೋದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಪೆಟ್ಟಿಗೆ ಬಂತು ಅಂತ ಯಾರೂ ಹೇಳಿಯೇ ಇಲ್ಲವಲ್ಲ!

ಟೈಮ್‌ಔಟ್ ಅಂತ ಮ್ಯಾನುವಲ್‌ನಲ್ಲಿ ನಾಲ್ಕೈದು ಕಡೆ ಇದೆ. ಯಾವುದನ್ನು ಮುಟ್ಟಬೇಕು?

ಗೊಂದಲ ಎಲ್ಲ ಶುರುವಾಗುವುದು ಇಲ್ಲೇ. ಮುಖ್ಯವಾಗಿ ಎರಡು ಇವೆ. ಅವೆರಡಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ.

ಮದುವೆ ಮನೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವನನ್ನು ನೆನಪು ಮಾಡಿಕೊಳ್ಳಿ. ಒಂದು ಎಲೆಯ ಮುಂದೆ ಎಷ್ಟು ಹೊತ್ತು ನಿಂತು "ಹಾಕಲಾ" ಅಂತ ಕೇಳಬೇಕು ಅನ್ನುವುದು ಒಂದು ಲೆಕ್ಕ. ಒಮ್ಮೆ ಬಡಿಸಿದ ಎಲೆಗೆ ಎಷ್ಟು ಹೊತ್ತಿನವರೆಗೆ ಮತ್ತೆ ಬಡಿಸಬಾರದು ಅನ್ನುವುದು ಇನ್ನೊಂದು ಲೆಕ್ಕ.

ಮೊದಲನೆಯದು ಡಿಕೋಡ್ ಸೆಷನ್ ಟೈಮ್‌ಔಟ್. ಕೆಲವು ಕಂಪನಿಯವರು ರೀಡ್ ಟೈಮ್‌ಔಟ್ ಅನ್ನುತ್ತಾರೆ. ಟ್ರಿಗರ್ ಬಂದ ಮೇಲೆ ಕೋಡ್ ಸಿಗದಿದ್ದರೆ ಎಷ್ಟು ಹೊತ್ತಿಗೆ ಕೈಬಿಡಬೇಕು ಅನ್ನುವುದನ್ನು ಇದು ಹೇಳುತ್ತದೆ. ಝೀಬ್ರಾ ಕಂಪನಿಯ ಸಾಮಾನ್ಯ ಇಮೇಜರ್‌ಗಳಲ್ಲಿ, ಅಂದರೆ ಫೋಟೊ ತೆಗೆದು ಓದುವ ಸ್ಕ್ಯಾನರ್‌ಗಳಲ್ಲಿ, ಇದನ್ನು 0.5ರಿಂದ 9.9 ಸೆಕೆಂಡಿನವರೆಗೆ ಇಡಬಹುದು. ಹೆಚ್ಚಾಗಿ ಪೆಟ್ಟಿಗೆಯಿಂದ ತೆಗೆದಾಗ 9.9ರಲ್ಲೇ ಇರುತ್ತದೆ. ಹನಿವೆಲ್ ಕಂಪನಿಯ ಹಲವು ಮಾದರಿಗಳಲ್ಲಿ ಲೆಕ್ಕ ಮಿಲಿಸೆಕೆಂಡಿನಲ್ಲಿ. ಕಮಾಂಡ್ ಟ್ರಿಗರಿಗೆ 30,000, ಅಂದರೆ ಅರ್ಧ ನಿಮಿಷ ಇಟ್ಟು ಕಳಿಸಿರುತ್ತಾರೆ. ಕೈಯಲ್ಲಿ ಹಿಡಿದು ಓದುವವರಿಗೆ ಇದು ನಡೆಯುತ್ತದೆ. ಓಡುವ ಬೆಲ್ಟಿಗೆ ಇದೇ ವಿಷ.

ಎರಡನೆಯದು ಸೇಮ್ ಸಿಂಬಲ್ ಟೈಮ್‌ಔಟ್, ಇಲ್ಲವೇ ರೀರೀಡ್ ಡಿಲೇ. ಓದಿದ ಕೋಡನ್ನೇ ಮತ್ತೆ ಓದಲು ಎಷ್ಟು ಹೊತ್ತು ಬಿಡಬೇಕು ಅನ್ನುವುದು. ಇದರ ತಮ್ಮನ ಹಾಗೆ ಡಿಫರೆಂಟ್ ಸಿಂಬಲ್ ಟೈಮ್‌ಔಟ್ ಅಂತ ಒಂದಿದೆ, ಒಂದು ಕೋಡ್ ಓದಿ ಬೇರೆ ಕೋಡಿಗೆ ಹೋಗುವ ಮುಂಚಿನ ಬಿಡುವು. ಅದನ್ನು ಮುಟ್ಟುವ ಪ್ರಸಂಗ ಕಡಿಮೆ.

ಪವರ್ ಸೇವ್, ಐಡಲ್ ಟೈಮ್‌ಔಟ್ ಎಲ್ಲ ಬ್ಯಾಟರಿ ವಿಷಯ. ಸದ್ಯಕ್ಕೆ ಬದಿಗಿಡಿ.

ನಮ್ಮ ಬೆಲ್ಟಿಗೆ ಎಷ್ಟು ಇಡಬೇಕು? ಒಂದು ನಂಬರ್ ಹೇಳಿಬಿಡಿ.

ಫೋನಿನಲ್ಲಿ ನಂಬರ್ ಹೇಳುವವರನ್ನು ನಂಬಬೇಡಿ, ನಾನಾದರೂ ಅಷ್ಟೇ. ಬೆಲ್ಟ್ ಅಳೆಯಬೇಕು. ಅದಕ್ಕೆ ಬೇಕಾಗುವುದು ಟೇಪು, ಚಾಕ್‌ಪೀಸ್, ಮೊಬೈಲಿನ ಸ್ಟಾಪ್‌ವಾಚ್.

ವಿಜಯಪುರದ ಕಡೆ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ಮಾಡಿದ ಲೆಕ್ಕ ಹೇಳುತ್ತೇನೆ. ಒಣದ್ರಾಕ್ಷಿ ತುಂಬಿದ ರಟ್ಟಿನ ಪೆಟ್ಟಿಗೆಗಳು ಬೆಲ್ಟಿನ ಮೇಲೆ ಬರುತ್ತಿದ್ದವು. ಬೆಲ್ಟಿನ ಪಕ್ಕದ ಅಲುಗಾಡದ ಪಟ್ಟಿಯ ಮೇಲೆ ಮೂರು ಮೀಟರ್ ಅಂತರದಲ್ಲಿ ಎರಡು ಗೆರೆ ಎಳೆದೆ. ಪೆಟ್ಟಿಗೆ ಒಂದು ಗೆರೆಯಿಂದ ಇನ್ನೊಂದಕ್ಕೆ ಹೋಗಲು 10 ಸೆಕೆಂಡ್ ಹಿಡಿಯಿತು. ಅಂದರೆ ಸೆಕೆಂಡಿಗೆ 300 ಮಿ.ಮೀ. ಪೆಟ್ಟಿಗೆಯ ಉದ್ದ 400 ಮಿ.ಮೀ., ನಡುವಿನ ಸಂದು 200. ಹಾಗಾಗಿ ಒಂದರ ಮೂತಿಯಿಂದ ಮುಂದಿನದರ ಮೂತಿಗೆ 600 ಮಿ.ಮೀ., ಅಂದರೆ 2 ಸೆಕೆಂಡ್. ಈ 2 ಸೆಕೆಂಡ್ ಲಕ್ಷ್ಮಣರೇಖೆ. ಟೈಮ್‌ಔಟ್ ಇದನ್ನು ದಾಟಲೇಬಾರದು.

ಇನ್ನು ಕೆಳಗಿನ ಮಿತಿ. ಸ್ಕ್ಯಾನರಿಗೆ ಕಾಣುವ ಅಗಲ 150 ಮಿ.ಮೀ. ಸೆನ್ಸರ್ ಇದ್ದದ್ದು ಆ ನೋಟ ಶುರುವಾಗುವ ಜಾಗದಲ್ಲೇ. ಲೇಬಲ್ ಪೆಟ್ಟಿಗೆಯ ಮೂತಿಯಿಂದ 120 ಮಿ.ಮೀ. ಹಿಂದೆ ಶುರುವಾಗಿ 180ಕ್ಕೆ ಮುಗಿಯುತ್ತಿತ್ತು. ಸೆನ್ಸರ್ ತಾಗಿದ ಮೇಲೆ ಲೇಬಲ್ ಪೂರ್ತಿ ಒಳಗೆ ಬರಲು 180 ಮಿ.ಮೀ. ಓಡಬೇಕು, 0.6 ಸೆಕೆಂಡ್. ಅದರ ಮುಂದಿನ ಅಂಚು ನೋಟದಿಂದ ಹೊರಗೆ ಹೋಗಲು 120 ಕೂಡಿಸು 150, ಅಂದರೆ 270 ಮಿ.ಮೀ., 0.9 ಸೆಕೆಂಡ್. ಓದಲು ಸಿಗುವುದು ನಡುವಿನ 0.3 ಸೆಕೆಂಡ್ ಮಾತ್ರ.

ಲೇಬಲ್ ಅಂಟಿಸುವವರು ಮನುಷ್ಯರು. ಎರಡು ಇಂಚು ಆಚೀಚೆ ಆಗೇ ಆಗುತ್ತದೆ. 50 ಮಿ.ಮೀ. ಹಿಂದೆ ಸರಿದರೆ 0.9 ಹೋಗಿ ಸುಮಾರು 1.07 ಆಗುತ್ತದೆ. ಅದಕ್ಕೆ 1.2 ಸೆಕೆಂಡ್ ಇಟ್ಟೆ. ಉಳಿದ 0.8 ಸೆಕೆಂಡ್‌ನಲ್ಲಿ ಕಂಪ್ಯೂಟರ್ ಎಂಟ್ರಿ ಮಾಡಿಕೊಳ್ಳಲಿ, ಓದದಿದ್ದರೆ ಪೆಟ್ಟಿಗೆ ಪಕ್ಕಕ್ಕೆ ತಳ್ಳುವ ಕೈ ಕೆಲಸ ಮಾಡಲಿ.

ಇಷ್ಟೇ. ನಿಮ್ಮ ಅಳತೆ ಹಾಕಿ ಇದೇ ಲೆಕ್ಕ ಮಾಡಿ.

ಟೈಮ್‌ಔಟ್ ಜಾಸ್ತಿ ಇಟ್ಟರೆ ಓದಲು ಜಾಸ್ತಿ ಅವಕಾಶ ಸಿಗುತ್ತದೆ ಅಲ್ವಾ? ಅದರಲ್ಲಿ ತಪ್ಪೇನು?

ಮೇಲೆ ಹೇಳಿದ ಕೋಲ್ಡ್ ಸ್ಟೋರೇಜಿಗೆ ನಾನು ಹೋದದ್ದೇ ಈ ತಪ್ಪಿನಿಂದ. ಅಲ್ಲಿ ಟೈಮ್‌ಔಟ್ 9.9ರಲ್ಲೇ ಬಿಟ್ಟಿದ್ದರು. ಎಂಟ್ರಿಯಲ್ಲಿ ಪೆಟ್ಟಿಗೆ ಕಡಿಮೆ, ಹಮಾಲರ ಎಣಿಕೆಯಲ್ಲಿ ಜಾಸ್ತಿ. ದಿನಾ ರಾತ್ರಿ ಜಗಳ. ಹಮಾಲರ ಮುಖಂಡನಿಗೂ ಕಂಪ್ಯೂಟರ್ ಹುಡುಗನಿಗೂ ಮಾತು ಬಿಟ್ಟಿತ್ತು.

ಸ್ಟೂಲ್ ಹಾಕಿಕೊಂಡು ಅರ್ಧ ತಾಸು ಬೆಲ್ಟಿನ ಪಕ್ಕ ಕೂತೆ. ಒಂದು ಪೆಟ್ಟಿಗೆ ಬಂತು, ಲೇಬಲ್ ಮೂಲೆಯಲ್ಲಿ ಮಡಚಿತ್ತು. ಸ್ಕ್ಯಾನರ್ ಲೈಟ್ ಹತ್ತಿತು, ಓದಲಿಲ್ಲ. ಪೆಟ್ಟಿಗೆ ದಾಟಿ ಹೋಯಿತು. ಲೈಟ್ ಮಾತ್ರ ಆರಲೇ ಇಲ್ಲ, ಇನ್ನೂ 9.9 ಆಗಿಲ್ಲವಲ್ಲ. ಅಷ್ಟರಲ್ಲಿ ಮುಂದಿನ ಪೆಟ್ಟಿಗೆ ಬಂತು. ಸೆನ್ಸರ್ ಮತ್ತೆ ಹೇಳಿತು, ಆದರೆ ಸ್ಕ್ಯಾನರ್ ಆಗಲೇ ಹುಡುಕಾಟದಲ್ಲಿದ್ದ ಕಾರಣ ಆ ಟ್ರಿಗರನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡನೇ ಪೆಟ್ಟಿಗೆಯ ಕೋಡ್ ಓದಿತು, ಮೊದಲನೆಯ ಪೆಟ್ಟಿಗೆಯ ಲೆಕ್ಕಕ್ಕೆ ಹಾಕಿ "ಬೀಪ್" ಅಂತು.

ಹೀಗೆ ಎರಡು ಪೆಟ್ಟಿಗೆಗೆ ಒಂದೇ ಬೀಪ್. ನೋ-ರೀಡ್, ಅಂದರೆ "ಓದಲಿಲ್ಲ" ಅಂತ ಒಂದು ಸಾಲೂ ಕಂಪ್ಯೂಟರಿಗೆ ಹೋಗಲಿಲ್ಲ. ಎಲ್ಲ ಚೆನ್ನಾಗಿಯೇ ನಡೆದಿದೆ ಅನ್ನುವ ಹಾಗೆ ಕಾಣುತ್ತಿತ್ತು. ತಪ್ಪು ಇದ್ದದ್ದು ಹಮಾಲರದ್ದೂ ಅಲ್ಲ, ಹುಡುಗನದ್ದೂ ಅಲ್ಲ. 1.2ಕ್ಕೆ ಇಳಿಸಿದ ದಿನ ನೋ-ರೀಡ್ ಸಾಲುಗಳು ಕಾಣಿಸಿಕೊಂಡವು. ಮಾಲೀಕರಿಗೆ ಗಾಬರಿ, "ಏನ್ರೀ, ನೀವ್ ಬಂದ್ ಮ್ಯಾಲೆ ಎರರ್ ಜಾಸ್ತಿ ಆತಲ್ಲ?" ಅಂದರು. ಮುಂಚೆಯೂ ಇದ್ದವು, ಈಗ ಕಾಣುತ್ತಿವೆ ಅಂತ ತಿಳಿಸಿ ಹೇಳಲು ಎರಡು ಕಪ್ ಚಹಾ ಬೇಕಾಯಿತು.

ಕೈ ಸ್ಕ್ಯಾನರಿನಲ್ಲಿ ಜಾಸ್ತಿ ಇಟ್ಟರೆ ಇಷ್ಟು ಅನಾಹುತ ಆಗುವುದಿಲ್ಲ. ವೈರ್‌ಲೆಸ್ ಆದರೆ ಬ್ಯಾಟರಿ ಬೇಗ ಮುಗಿಯುತ್ತದೆ. ಲೇಸರ್ ಮಾದರಿಯಾದರೆ ಸುಮ್ನೆ ಉರಿಯುತ್ತಿರುವ ಲೇಸರನ್ನು ಯಾರಾದರೂ ನೆಟ್ಟ ದೃಷ್ಟಿಯಿಂದ ನೋಡುವ ಅಪಾಯ ಇದೆ. ಹೆಚ್ಚಿನವು ಕ್ಲಾಸ್ 2, ಕಣ್ಣು ಮಿಟುಕಿಸುವುದರೊಳಗೆ ಏನೂ ಆಗುವುದಿಲ್ಲ. ಹಾಗಂತ ಬೇಕಂತಲೇ ನೋಡುತ್ತಾ ನಿಲ್ಲುವಂಥದ್ದಲ್ಲ.

ಒಂದೇ ಪೆಟ್ಟಿಗೆ ಎರಡು ಸಲ ಎಂಟ್ರಿ ಆಗುತ್ತಿದೆ. ಏನು ಮಾಡಲಿ?

ಮೊದಲು ಟ್ರಿಗರ್ ಎರಡು ಸಲ ಬಂತಾ, ಇಲ್ಲಾ ಒಂದೇ ಟ್ರಿಗರಿಗೆ ಎರಡು ಸಲ ಓದಿತಾ ಅಂತ ನೋಡಿ. ಸೆನ್ಸರಿನ ಹಿಂಭಾಗದಲ್ಲಿ ಒಂದು ಪುಟ್ಟ ಲೈಟ್ ಇರುತ್ತದೆ. ಪೆಟ್ಟಿಗೆ ಹಾದು ಹೋಗುವಾಗ ಅದು ಎಷ್ಟು ಸಲ ಮಿಣುಕುತ್ತದೆ ಎಣಿಸಿ. ಒಂದೇ ಸಲ ಆಗಬೇಕು.

ಎರಡು ಮೂರು ಸಲ ಮಿಣುಕಿದರೆ ಪೆಟ್ಟಿಗೆಯನ್ನು ನೋಡಿ. ಎತ್ತಲು ಅನುಕೂಲ ಆಗಲಿ ಅಂತ ರಟ್ಟಿನ ಪೆಟ್ಟಿಗೆಯ ಪಕ್ಕದಲ್ಲಿ ಕೈ ಹಾಕುವ ತೂತು ಇರುತ್ತದೆ ನೋಡಿ, ಸೆನ್ಸರಿನ ಕಿರಣ ಸರಿಯಾಗಿ ಆ ತೂತಿನ ಎತ್ತರಕ್ಕೆ ಇದ್ದರೆ ಒಂದು ಪೆಟ್ಟಿಗೆ ಎರಡು ಪೆಟ್ಟಿಗೆಯಾಗಿ ಕಾಣುತ್ತದೆ. ಜಾಲರಿ ಇರುವ ಪ್ಲಾಸ್ಟಿಕ್ ಕ್ರೇಟ್ ಅಂತೂ ಕೇಳಲೇಬೇಡಿ, ಒಂದಕ್ಕೆ ಹತ್ತು ಟ್ರಿಗರ್. ಸೆನ್ಸರನ್ನು ಎರಡು ಬೆರಳು ಮೇಲೆ ಅಥವಾ ಕೆಳಗೆ ಸರಿಸಿ, ತಳದ ಗಟ್ಟಿ ಪಟ್ಟಿ ಕಾಣುವಂತೆ ಇಡಿ. ಅದೂ ಆಗದಿದ್ದರೆ ಸೆನ್ಸರಿನಲ್ಲೋ ಸ್ಕ್ಯಾನರಿನಲ್ಲೋ ಆಫ್-ಡಿಲೇ ಅಥವಾ ಡಿಬೌನ್ಸ್ (ಕ್ಷಣಮಾತ್ರದ ಮಿಣುಕನ್ನು ಲೆಕ್ಕಕ್ಕೆ ಹಿಡಿಯದಿರುವ) ಸೆಟ್ಟಿಂಗ್ ಇರುತ್ತದೆ, ತೂತು ದಾಟುವಷ್ಟು ಹೊತ್ತು ಹಾಕಿ.

ಸೆನ್ಸರ್ ಒಂದೇ ಸಲ ಮಿಣುಕಿದರೂ ಎರಡು ಎಂಟ್ರಿ ಬಂದರೆ, ಅಥವಾ ಕಂಟಿನ್ಯುಯಸ್, ಪ್ರೆಸೆಂಟೇಶನ್ ಮೋಡಿನಲ್ಲಿ ಇದ್ದರೆ ಆಗ ಸೇಮ್ ಸಿಂಬಲ್ ಟೈಮ್‌ಔಟ್ ಏರಿಸಿ. ಲೇಬಲ್ ಎದುರಿಗೆ ಇರುವ ಹೊತ್ತಿಗಿಂತ ಅದು ಜಾಸ್ತಿ ಇರಬೇಕು.

ಇಲ್ಲೊಂದು ಹೊಂಡ ಇದೆ, ಬಹಳ ಜನ ಬಿದ್ದಿದ್ದಾರೆ. ನಿಮ್ಮ ಪೆಟ್ಟಿಗೆಗಳ ಮೇಲೆ ಒಂದೊಂದಕ್ಕೂ ಬೇರೆ ಸೀರಿಯಲ್ ನಂಬರ್ ಇದೆಯಾ, ಇಲ್ಲಾ ಎಲ್ಲಕ್ಕೂ ಒಂದೇ ಉತ್ಪನ್ನದ ಕೋಡಾ? 890ರಿಂದ ಶುರುವಾಗುವ 13 ಅಂಕಿಯ ಕೋಡ್ ನೋಡಿರುತ್ತೀರಿ. ಆ 890 ಬಾರ್‌ಕೋಡ್ ನಂಬರ್ ಕೊಡುವ ಭಾರತದ ಜಿಎಸ್1 ಸಂಸ್ಥೆಯ ಗುರುತು. ಆ ಕೋಡ್ ಅಕ್ಕಪಕ್ಕದ ಸಾವಿರ ಪ್ಯಾಕಿನ ಮೇಲೂ ಒಂದೇ ಆಗಿರುತ್ತದೆ. ಅಂಥಲ್ಲಿ ಸೇಮ್ ಸಿಂಬಲ್ ಟೈಮ್‌ಔಟ್ 5 ಸೆಕೆಂಡ್ ಇಟ್ಟರೆ, 2 ಸೆಕೆಂಡಿಗೊಂದು ಬರುವ ಪ್ಯಾಕುಗಳಲ್ಲಿ ಎಷ್ಟೋ ಎಂಟ್ರಿಯೇ ಆಗುವುದಿಲ್ಲ. ಸ್ಕ್ಯಾನರ್ ಪಾಪ, "ಇದನ್ನು ಈಗಷ್ಟೇ ಓದಿದೆನಲ್ಲ" ಅಂದುಕೊಳ್ಳುತ್ತದೆ. ಸೀರಿಯಲ್ ನಂಬರ್ ಇದ್ದರೆ ಧಾರಾಳವಾಗಿ ಇಡಿ. ಒಂದೇ ಕೋಡ್ ಆದರೆ ಎರಡು ಪ್ಯಾಕಿನ ನಡುವಿನ ಸಮಯಕ್ಕಿಂತ ಕಡಿಮೆ ಇಡಿ, ಎಣಿಕೆಯ ಕೆಲಸವನ್ನು ಸೆನ್ಸರಿಗೆ ಬಿಡಿ.

ಕೆಲವು ಸ್ಕ್ಯಾನರ್‌ಗಳಲ್ಲಿ ಈ ಸಮಯದ ಲೆಕ್ಕ ಕೋಡ್ ಓದಿದ ಕ್ಷಣದಿಂದ ಶುರು. ಇನ್ನು ಕೆಲವದರಲ್ಲಿ ಕೋಡ್ ಕಣ್ಮರೆ ಆದ ಮೇಲೆ ಶುರು. ಒಂದು ಲೇಬಲನ್ನು ಎದುರಿಗೆ ಅಲ್ಲಾಡದೆ ಹಿಡಿದು ನಿಲ್ಲಿ. ಒಂದೇ ಬೀಪ್ ಬಂದು ಸುಮ್ಮನಾದರೆ ಎರಡನೇ ಜಾತಿ. ಬಿಟ್ಟು ಬಿಟ್ಟು ಬೀಪ್ ಬರುತ್ತಿದ್ದರೆ ಮೊದಲನೆಯದು.

ಬೆಲ್ಟ್ ಜೋರು ಮಾಡಿದ ಮೇಲೆ ಓದುವುದು ಕಡಿಮೆಯಾಯಿತು. ಟೈಮ್‌ಔಟ್ ಹೆಚ್ಚಿಸಲಾ?

ಬೇಡ. ಪಿಚ್ ಸಮಯ, ಅಂದರೆ ಒಂದು ಪೆಟ್ಟಿಗೆಯ ಮೂತಿಯಿಂದ ಮುಂದಿನದರ ಮೂತಿಗೆ ಹಿಡಿಯುವ ಹೊತ್ತು, ಕಡಿಮೆ ಆಗಿದೆ, ಟೈಮ್‌ಔಟ್ ಇಳಿಸಬೇಕೇ ಹೊರತು ಏರಿಸುವುದಲ್ಲ. ಓದದಿರಲು ಕಾರಣ ಬಹುಶಃ ಫೋಟೊ ಅಲುಗಿದೆ. ಇಮೇಜರ್ ಅಂದರೆ ಕ್ಯಾಮೆರಾವೇ. ಓಡುವ ಬಸ್ಸಿನ ಫೋಟೊ ತೆಗೆದ ಹಾಗೆ.

ಅಂಗಡಿ ಸಾಮಾನಿನ 13 ಅಂಕಿಯ ಕೋಡಿನಲ್ಲಿ ಅತಿ ಸಣ್ಣ ಗೆರೆ, ಮಾಮೂಲಿ ಸೈಜಿನಲ್ಲಿ 0.33 ಮಿ.ಮೀ. ಬೆಲ್ಟ್ ಸೆಕೆಂಡಿಗೆ 500 ಮಿ.ಮೀ. ಓಡಿದರೆ 0.66 ಮಿಲಿಸೆಕೆಂಡಿನಲ್ಲಿ ಒಂದು ಗೆರೆಯಷ್ಟು ಜಾರಿಬಿಡುತ್ತದೆ. ಎಕ್ಸ್‌ಪೋಶರ್, ಅಂದರೆ ಫೋಟೊ ತೆಗೆಯಲು ಬೆಳಕು ಒಳಬಿಡುವ ಹೊತ್ತು, ಅದರ ಅರ್ಧಕ್ಕಿಂತ ಕಡಿಮೆ ಇರಲಿ, 0.3 ಮಿಲಿಸೆಕೆಂಡ್ ಅನ್ನಿ. ಆಗ ಚಿತ್ರ ಕಪ್ಪಾಗುತ್ತದೆ, ಲೈಟ್ ಜಾಸ್ತಿ ಕೊಡಬೇಕು. ದೊಡ್ಡ ರಟ್ಟಿನ ಪೆಟ್ಟಿಗೆಗೆ ಐಟಿಎಫ್-14 ಕೋಡ್ ಬಳಸಿದರೆ ಅದರ ಸಣ್ಣ ಗೆರೆ ಪೂರ್ತಿ ಸೈಜಿನಲ್ಲಿ 1 ಮಿ.ಮೀ.ಗಿಂತ ತುಸು ಜಾಸ್ತಿ, ಕೆಲಸ ಹಗುರ. ಗೆರೆಗಳು ಬೆಲ್ಟ್ ಓಡುವ ದಿಕ್ಕಿಗೇ ಮಲಗಿರುವಂತೆ ಲೇಬಲ್ ಹಚ್ಚಿದರೂ ಅಲುಗಾಟದ ಕಾಟ ಕಡಿಮೆಯಾಗುತ್ತದೆ. ಖರ್ಚಿಲ್ಲದ ಉಪಾಯ, ಮೊದಲು ಅದನ್ನೇ ಮಾಡಿ ನೋಡಿ.

ಫೌಂಡ್ರಿಯಲ್ಲಿ ಕೈ ಸ್ಕ್ಯಾನರ್ ಬಳಸುತ್ತೇವೆ. ಪಕ್ಕದ ಕೋಡ್ ಓದಿಬಿಡುತ್ತದೆ. ಯಾವ ಮೋಡ್ ಒಳ್ಳೆಯದು?

ಜಾಬ್ ಕಾರ್ಡಿನಲ್ಲಿ ಒಂದರ ಕೆಳಗೊಂದು ಆರು ಕೋಡ್ ಮುದ್ರಿಸಿರುತ್ತಾರೆ. ಬಟನ್ ಒತ್ತಿದ ಕೂಡಲೇ ಇಮೇಜರಿಗೆ ಆರೂ ಕಾಣುತ್ತವೆ, ಯಾವುದು ಮೊದಲು ಸಿಕ್ಕಿತೋ ಅದು. ಇದಕ್ಕೆ ಎರಡು ದಾರಿ. ಒತ್ತಿದಾಗ ಗುರಿಯ ಚುಕ್ಕೆ ಮಾತ್ರ ಬರಲಿ, ಬಿಟ್ಟಾಗ ಓದಲಿ ಅನ್ನುವ ಸೆಟ್ಟಿಂಗ್ ಹಲವು ಮಾದರಿಗಳಲ್ಲಿದೆ. ಇನ್ನೊಂದು ಪಿಕ್-ಲಿಸ್ಟ್ ಮೋಡ್, ಚುಕ್ಕೆಯ ಕೆಳಗೆ ಇರುವ ಕೋಡನ್ನು ಮಾತ್ರ ಓದುತ್ತದೆ. ನನಗೆ ಪಿಕ್-ಲಿಸ್ಟ್ ಇಷ್ಟ. ಬಿಟ್ಟಾಗ ಓದುವುದು ಹೊಸ ಹುಡುಗರಿಗೆ ಅಭ್ಯಾಸ ಆಗಲು ವಾರ ಬೇಕು, ಗ್ಲೌಸ್ ಹಾಕಿದ ಕೈಯಲ್ಲಿ ಬಿಡುವಾಗಲೇ ಸ್ಕ್ಯಾನರ್ ಅಲುಗುತ್ತದೆ.

ಕಾಗದದ ಲೇಬಲಿಗೆ ಟೈಮ್‌ಔಟ್ 2-3 ಸೆಕೆಂಡ್ ಸಾಕು. ಅಷ್ಟರಲ್ಲಿ ಓದದಿದ್ದರೆ ಹಿಡಿದ ಕೋನವೇ ತಪ್ಪು, ಬಿಟ್ಟು ಮತ್ತೆ ಒತ್ತುವುದೇ ವಾಸಿ.

ಉದ್ಯಮಬಾಗದ ಹೈಡ್ರಾಲಿಕ್ ವಾಲ್ವ್ ಬಾಡಿಗಳ ಕಥೆ ಬೇರೆ. ಅಲ್ಲಿ ಕಬ್ಬಿಣದ ಮೇಲೇ ಸೂಜಿಯಿಂದ ಕುಟ್ಟಿ ಚುಕ್ಕೆ ಚುಕ್ಕೆಯಾಗಿ ಡೇಟಾ ಮ್ಯಾಟ್ರಿಕ್ಸ್ ಅನ್ನುವ ಚೌಕದ ಕೋಡ್ ಮಾಡಿರುತ್ತಾರೆ. ಮೇಲೆ ಎಣ್ಣೆ ಇರುತ್ತದೆ, ಹೊಳಪು ಬೇರೆ. ಕಪ್ಪು ಬಿಳುಪು ಅಂತ ಇರುವುದಿಲ್ಲ, ಇರುವುದು ನೆರಳು ಮಾತ್ರ. ಸ್ಕ್ಯಾನರನ್ನು ನಿಧಾನಕ್ಕೆ ವಾಲಿಸುತ್ತಾ ನೆರಳು ಸರಿಯಾಗಿ ಬೀಳುವ ಕೋನ ಹುಡುಕಬೇಕು. ಅಲ್ಲಿ 5 ಸೆಕೆಂಡ್, ಬೇಕಾದರೆ 8 ಇಡಿ. ಬೆಲ್ಟಿನ ನಿಯಮ ಇಲ್ಲಿಗೆ ಅನ್ವಯಿಸುವುದಿಲ್ಲ. ಮತ್ತೆ ಓದುವ ಮುಂಚೆ ಒಂದು ಬಟ್ಟೆ ತುಂಡಿನಿಂದ ಎಣ್ಣೆ ಒರೆಸಿ. ಯಾವ ಸೆಟ್ಟಿಂಗೂ ಆ ಬಟ್ಟೆ ತುಂಡಿಗೆ ಸಮ ಇಲ್ಲ. ಇದಕ್ಕೆ ಡಿಪಿಎಂ (ವಸ್ತುವಿನ ಮೇಲೇ ನೇರ ಮಾಡಿದ ಗುರುತು) ಅಂತ ಬೇರೆ ಮಾದರಿಯ ಸ್ಕ್ಯಾನರ್ ಬರುತ್ತದೆ, ಮಾಮೂಲಿ ಸ್ಕ್ಯಾನರಿಗೆ ಟೈಮ್‌ಔಟ್ ಏರಿಸಿ ಏರಿಸಿ ದಣಿಯಬೇಡಿ.

ಅಂಗಡಿಯಲ್ಲಿ ಸ್ಟ್ಯಾಂಡಿಗೆ ಹಾಕಿದ ಸ್ಕ್ಯಾನರ್ ತಾನೇ ತಾನಾಗಿ ಬಿಲ್ ಮಾಡುತ್ತದೆ!

ಇಳಕಲ್ ಸೀರೆ ಅಂಗಡಿಯವರೊಬ್ಬರು ಕೇಳಿದ್ದು. ಕಾರ್ಖಾನೆ ಅಲ್ಲದಿದ್ದರೂ ಸಮಸ್ಯೆ ಅದೇ. ಗಿರಾಕಿ ಮುಂದೆ ಸೀರೆ ಬಿಚ್ಚಿ ಹಾಸುತ್ತಾರೆ, ನೇತಾಡುವ ಟ್ಯಾಗ್ ಸ್ಕ್ಯಾನರಿನ ಎದುರಿಗೆ ಬರುತ್ತದೆ, ಅದು ಓದಿಬಿಡುತ್ತದೆ. ಪ್ರೆಸೆಂಟೇಶನ್ ತೆಗೆದು ಬಟನ್ ಮೋಡಿಗೆ ಹಾಕಿ. ಇಲ್ಲವೇ ಸ್ಟ್ಯಾಂಡನ್ನು ಗೋಡೆ ಕಡೆಗೆ ತಿರುಗಿಸಿ.

ಸೆನ್ಸರ್ ಲೈಟ್ ಹತ್ತುತ್ತದೆ, ಸ್ಕ್ಯಾನರ್ ಏಳುವುದೇ ಇಲ್ಲ. ಏಕೆ?

ಮೂರು ಕಾರಣ ಪದೇ ಪದೇ ಸಿಗುತ್ತವೆ. ಸೆನ್ಸರ್ ಸಿಗ್ನಲ್ ಕೊಡುವುದರಲ್ಲಿ ಪಿಎನ್‌ಪಿ, ಎನ್‌ಪಿಎನ್ ಅಂತ ಎರಡು ಬಗೆ; ಸೆನ್ಸರ್ ಪಿಎನ್‌ಪಿ, ಸ್ಕ್ಯಾನರಿನ ಇನ್‌ಪುಟ್‌ಗೆ ಬೇಕಾದದ್ದು ಎನ್‌ಪಿಎನ್, ಅಥವಾ ತಿರುಗಮುರುಗ. ಎರಡನೆಯದು, ಸೆನ್ಸರಿಗೊಂದು 24 ವೋಲ್ಟ್ ಸಪ್ಲೈ, ಸ್ಕ್ಯಾನರಿಗೊಂದು, ಎರಡರ ಸೊನ್ನೆ ವೋಲ್ಟ್ ತಂತಿಯನ್ನು ಒಂದು ಮಾಡಿರುವುದಿಲ್ಲ. ಮೂರನೆಯದು ಮೋಡ್. ಸ್ಕ್ಯಾನರ್ ಇನ್ನೂ ಬಟನ್ ಅಥವಾ ಪ್ರೆಸೆಂಟೇಶನ್ ಮೋಡಿನಲ್ಲೇ ಇರುತ್ತದೆ, ಹೊರಗಿನ ಟ್ರಿಗರಿಗೆ ಬದಲಿಸಿರುವುದಿಲ್ಲ.

ಸಕ್ಕರೆ ಕಾರ್ಖಾನೆಯಲ್ಲಿ ನಾಲ್ಕನೆಯದೂ ಇದೆ. ಮುಧೋಳ, ಜಮಖಂಡಿ ಕಡೆ ಹಂಗಾಮು ಶುರುವಾಗಿ ತಿಂಗಳಾದರೆ ಚೀಲ ತುಂಬುವ ಜಾಗದ ಸೆನ್ಸರಿನ ಗಾಜಿನ ಮೇಲೆ ಸಕ್ಕರೆ ಪುಡಿ ಅಂಟಿ ಪೊರೆ ಕಟ್ಟುತ್ತದೆ. ಸೆನ್ಸರಿಗೆ ಯಾವಾಗಲೂ ಚೀಲ ಎದುರಿಗೇ ಇದೆ ಅನ್ನಿಸುತ್ತದೆ. ಲೈಟ್ ಹತ್ತಿದ್ದು ಹತ್ತಿದ್ದೇ. ಟ್ರಿಗರ್ ಅಂದರೆ ಆರಿದ್ದು ಹತ್ತುವ ಆ ಕ್ಷಣ ಮಾತ್ರ, ಅದು ಬರುವುದೇ ಇಲ್ಲ. ಒಣ ಬಟ್ಟೆಯಿಂದ ಉಜ್ಜಿದರೆ ಗಾಜು ಗೀಚು ಬೀಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಸಕ್ಕರೆ ತಾನೇ, ಕರಗುತ್ತದೆ.

ಪಿಎಲ್‌ಸಿ ಅಥವಾ ಕಂಪ್ಯೂಟರಿನಿಂದ ಟ್ರಿಗರ್ ಕೊಡುವುದು ಹೇಗೆ?

ಮೊದಲು ಕೇಬಲ್ ಕಡೆ ನೋಡಿ. ಸ್ಕ್ಯಾನರ್ ಕೀಬೋರ್ಡಿನ ಹಾಗೆ ಜೋಡಿಸಿದ್ದರೆ ಈ ಕಮಾಂಡ್ ಕಳಿಸಲು ಬರುವುದಿಲ್ಲ. ಸೀರಿಯಲ್ ಕೇಬಲ್, ವರ್ಚುವಲ್ ಕಾಮ್ ಪೋರ್ಟ್ (ಯುಎಸ್‌ಬಿ ಕೇಬಲ್ಲೇ ಸೀರಿಯಲ್‌ನಂತೆ ಕೆಲಸ ಮಾಡುವುದು), ಅಥವಾ ಈಥರ್‌ನೆಟ್ ಬೇಕು. ಹನಿವೆಲ್‌ನ ಬಹಳಷ್ಟು ಕೈ ಸ್ಕ್ಯಾನರ್‌ಗಳಿಗೆ ಮೂರು ಬೈಟ್ ಕಳಿಸಿದರೆ ಸಾಕು, ಹೆಕ್ಸ್‌ನಲ್ಲಿ 16, 54, 0ಡಿ. ನಿಲ್ಲಿಸಲು ನಡುವಿನದನ್ನು 55 ಮಾಡಿ. ಕಾಗ್ನೆಕ್ಸ್ ಕಂಪನಿಯ ಡೇಟಾಮ್ಯಾನ್ ಸ್ಕ್ಯಾನರಿಗೆ ಬೇರೆ ಭಾಷೆ, ಝೀಬ್ರಾಗೆ ಬೇರೆ.

ಇಲ್ಲಿ ಎರಡು ಕಡೆ ಕಾಯುವವರು ಇರುತ್ತಾರೆ, ಸ್ಕ್ಯಾನರ್ ಮತ್ತು ಪಿಎಲ್‌ಸಿ. ಪಿಎಲ್‌ಸಿ ಕಾಯುವ ಸಮಯ ಯಾವಾಗಲೂ ಜಾಸ್ತಿ ಇರಬೇಕು. ಸ್ಕ್ಯಾನರಿಗೆ 1.2 ಇದ್ದರೆ ಪಿಎಲ್‌ಸಿಗೆ 1.5 ಇಡಿ. ಉಲ್ಟಾ ಆದರೆ ಪಿಎಲ್‌ಸಿ "ಓದಲಿಲ್ಲ" ಅಂತ ಪೆಟ್ಟಿಗೆ ತಳ್ಳಿಬಿಟ್ಟ ಮೇಲೆ ಸ್ಕ್ಯಾನರಿನ ಉತ್ತರ ಬರುತ್ತದೆ, ಆ ಉತ್ತರ ಮುಂದಿನ ಪೆಟ್ಟಿಗೆಯ ತಲೆಗೆ. ನೋ-ರೀಡ್ ಮೆಸೇಜ್ ಕೂಡ ಆನ್ ಇರಲಿ. ಸುಮ್ಮನಿರುವ ಸ್ಕ್ಯಾನರಿಗಿಂತ "ಸಿಗಲಿಲ್ಲ" ಅನ್ನುವ ಸ್ಕ್ಯಾನರ್ ಒಳ್ಳೆಯದು.

ಪಿಎಲ್‌ಸಿ ಔಟ್‌ಪುಟ್‌ನಿಂದ ತಂತಿ ಎಳೆದಿದ್ದರೆ ಪಲ್ಸ್, ಅಂದರೆ ಸಿಗ್ನಲ್ ಆನ್ ಇರುವ ಹೊತ್ತು, ತೀರಾ ಚಿಕ್ಕದು ಮಾಡಬೇಡಿ. ನಾನು 50 ಮಿಲಿಸೆಕೆಂಡ್ ಇಡುತ್ತೇನೆ. ಡಿಬೌನ್ಸ್‌ಗಿಂತ ಚಿಕ್ಕ ಪಲ್ಸ್ ಸ್ಕ್ಯಾನರಿಗೆ ಕೇಳಿಸುವುದೇ ಇಲ್ಲ.

ಸೆಟ್ಟಿಂಗ್ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೂ ಬದಲಾಗುತ್ತಿಲ್ಲ.

ಮ್ಯಾನುವಲ್ ಪುಟದಲ್ಲಿ ಅಕ್ಕಪಕ್ಕ ಕೋಡ್‌ಗಳಿರುತ್ತವೆ. ಬೇಡದ್ದನ್ನೆಲ್ಲ ಕೈಯಿಂದಲೋ ಕಾಗದದಿಂದಲೋ ಮುಚ್ಚಿ. ಪ್ರಿಂಟ್ ತೆಗೆದಿದ್ದರೆ ಕುಗ್ಗಿಸದೆ, ಪೂರ್ತಿ ಸೈಜಿನಲ್ಲಿ ತೆಗೆಯಿರಿ. ವಾಟ್ಸಾಪ್‌ನಲ್ಲಿ ಬಂದ ಮಸುಕಾದ ಫೋಟೊ ಬೇಡ. ಲೇಸರ್ ಸ್ಕ್ಯಾನರಿಗೆ ಮೊಬೈಲ್ ಪರದೆ ಕಾಣುವುದೇ ಕಷ್ಟ.

ಅಂಕಿಗಳ ಕ್ರಮವೂ ಮುಖ್ಯ. ಝೀಬ್ರಾದಲ್ಲಿ ಮೊದಲು ಡಿಕೋಡ್ ಸೆಷನ್ ಟೈಮ್‌ಔಟ್ ಕೋಡ್, ಆಮೇಲೆ ಎರಡು ಅಂಕಿ. 1.2 ಸೆಕೆಂಡಿಗೆ 1, 2. ಅರ್ಧ ಸೆಕೆಂಡಿಗೆ 0, 5. ಮುಂದಿನ ಸೊನ್ನೆ ಬಿಟ್ಟರೆ ಅದು ಎರಡನೇ ಅಂಕಿಗೆ ಕಾಯುತ್ತಾ ಕೂರುತ್ತದೆ. ಹನಿವೆಲ್‌ನಲ್ಲಿ ಅಂಕಿಗಳಾದ ಮೇಲೆ ಸೇವ್ ಕೋಡ್ ಹೊಡೆಯಲೇಬೇಕು. ಜನ ಮರೆಯುವುದು ಅದನ್ನೇ.

ಹತ್ತಾರು ಸ್ಕ್ಯಾನರ್ ಇದ್ದರೆ ಇದನ್ನೆಲ್ಲ ಬಿಡಿ, ಕಂಪನಿಯವರ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಝೀಬ್ರಾಗೆ 123ಸ್ಕ್ಯಾನ್, ಹನಿವೆಲ್‌ಗೆ ಈಝಡ್‌ಕಾನ್ಫಿಗ್, ಡೇಟಾಲಾಜಿಕ್‌ಗೆ ಅಲಾದಿನ್. ಒಂದರಲ್ಲಿ ಸರಿಮಾಡಿ, ಫೈಲ್ ಉಳಿಸಿ, ಉಳಿದದ್ದಕ್ಕೆ ಹಾಕಿ.

ಲೈಟ್ ಹೋಗಿ ಬಂದ ಮೇಲೆ ಸೆಟ್ಟಿಂಗ್ ಎಲ್ಲ ಹಳೆಯದೇ ಆಗಿತ್ತು.

ಕೈ ಸ್ಕ್ಯಾನರ್‌ಗಳು ಸಾಮಾನ್ಯವಾಗಿ ಕರೆಂಟ್ ಹೋದರೂ ಮರೆಯುವುದಿಲ್ಲ. ಬೆಲ್ಟಿಗೆ ಕೂರಿಸುವ ಕೆಲವು ಸ್ಕ್ಯಾನರ್‌ಗಳಲ್ಲಿ, ಡೇಟಾಮ್ಯಾನ್‌ನಲ್ಲೂ ಹಾಗೇ, ಬದಲಿಸಿದ್ದು ಆಗಲೇ ಜಾರಿಗೆ ಬಂದರೂ ಸ್ಕ್ಯಾನರಿನ ಒಳಗೆ ಉಳಿಯಲು ಬೇರೆಯಾಗಿ ಸೇವ್ ಒತ್ತಬೇಕು. ಸಂಜೆವರೆಗೆ ಎಲ್ಲ ಸರಿ, ರಾತ್ರಿ ಕರೆಂಟ್ ಹೋಗಿ ಬಂದರೆ ಮೊದಲಿನ ಹಾಗೆ. ನನಗೇ ಒಮ್ಮೆ ಆಗಿದೆ. ಬಾಗಲಕೋಟೆಯಿಂದ ವಾಪಸ್ ಬಂದು ಊಟಕ್ಕೆ ಕೂತಿದ್ದೆ, ಫೋನ್ ಬಂತು. ಮರುದಿನ ಬೆಳಿಗ್ಗೆ ಮತ್ತೆ ಅಷ್ಟೂ ದಾರಿ. ಈಗ ಹೊರಡುವ ಮುಂಚೆ ನಾನೇ ಒಮ್ಮೆ ಪ್ಲಗ್ ಕಿತ್ತು ಹಾಕಿ ನೋಡುತ್ತೇನೆ.

ಇನ್ನೊಂದು, ರಾತ್ರಿ ಪಾಳಿಯವರು ಕುತೂಹಲಕ್ಕೆ ಮ್ಯಾನುವಲ್‌ನ ಕೋಡ್ ಸ್ಕ್ಯಾನ್ ಮಾಡುವುದೂ ಉಂಟು. ಕೆಲಸ ಮುಗಿದ ಮೇಲೆ ಸೆಟ್ಟಿಂಗ್ ಕೋಡ್ ಓದುವುದನ್ನೇ ಆಫ್ ಮಾಡುವ ಆಯ್ಕೆ ಇದೆ, ಮಾಡಿಬಿಡಿ.

ಕೋಲ್ಡ್ ಸ್ಟೋರೇಜ್‌ನಿಂದ ಹೊರಗೆ ತಂದ ಕೂಡಲೇ ಸ್ಕ್ಯಾನರ್ ಓದುವುದಿಲ್ಲ. ಹತ್ತು ನಿಮಿಷ ಬಿಟ್ಟರೆ ಸರಿಯಾಗುತ್ತದೆ.

ಇದಕ್ಕೂ ಟೈಮ್‌ಔಟಿಗೂ ಸಂಬಂಧ ಇಲ್ಲ. ಒಳಗೆ ನಾಲ್ಕೈದು ಡಿಗ್ರಿ ಚಳಿ, ಹೊರಗೆ ವಿಜಯಪುರದ ಬಿಸಿಲು. ಚಳಿ ಹಿಡಿದ ಗಾಜಿನ ಮೇಲೆ ಹಬೆ ಕೂರುತ್ತದೆ, ಕನ್ನಡಕಕ್ಕೆ ಆಗುವ ಹಾಗೆ. ಒಳಗಿನದು ಒಳಗೇ, ಹೊರಗಿನದು ಹೊರಗೇ ಇರಲಿ, ಎರಡು ಸ್ಕ್ಯಾನರ್ ಇಡಿ.

ಎಲ್ಲ ಸೆಟ್ ಮಾಡಿದೆವು. ಸರಿಯಾಗಿದೆ ಅಂತ ಗೊತ್ತಾಗುವುದು ಹೇಗೆ?

ಒಳ್ಳೆಯ ಪೆಟ್ಟಿಗೆ ಓಡಿಸಿ ಖುಷಿಪಡಬೇಡಿ, ಕೆಟ್ಟದ್ದನ್ನು ಓಡಿಸಿ. ನೂರು ಪೆಟ್ಟಿಗೆ ಬಿಡಿ. ನಡುವೆ ಒಂದಕ್ಕೆ ಲೇಬಲ್ ಇರಬಾರದು, ಒಂದರ ಲೇಬಲ್ ಅರ್ಧ ಹರಿದಿರಲಿ, ಎರಡು ಪೆಟ್ಟಿಗೆ ಒಂದಕ್ಕೊಂದು ತಾಗಿ ಬರಲಿ. ಕಂಪ್ಯೂಟರಿನಲ್ಲಿ ಲೇಬಲ್ ಇಲ್ಲದ ಪೆಟ್ಟಿಗೆಯ ಜಾಗಕ್ಕೇ ಸರಿಯಾಗಿ ನೋ-ರೀಡ್ ಬಂದು, ಅದರ ಮುಂದಿನದು ತನ್ನ ನಂಬರಿನಲ್ಲೇ ಬಂದರೆ ಟೈಮ್‌ಔಟ್ ಸರಿ ಇದೆ. ತಾಗಿ ಬಂದ ಎರಡು ಪೆಟ್ಟಿಗೆ ಸೆನ್ಸರಿಗೆ ಒಂದೇ ಅನ್ನಿಸುತ್ತದೆ, ಅದನ್ನು ಯಾವ ಸೆಟ್ಟಿಂಗೂ ಬಿಡಿಸಲಾರದು. ಅದಕ್ಕೆ ಸ್ಕ್ಯಾನರಿಗಿಂತ ಮುಂಚೆ ತುಸು ಜೋರಾಗಿ ಓಡುವ ಸಣ್ಣ ಬೆಲ್ಟ್ ಹಾಕಿ ಸಂದು ಬಿಡಿಸಬೇಕು.

ಫೋನ್ ಮಾಡಿದರೆ ಏನೇನು ಹೇಳಬೇಕು?

ಸ್ಕ್ಯಾನರಿನ ಅಡಿಯಲ್ಲಿರುವ ಮಾದರಿ ಸಂಖ್ಯೆ. ಮೂರು ಮೀಟರ್ ಓಡಲು ಹಿಡಿದ ಸೆಕೆಂಡ್. ಪೆಟ್ಟಿಗೆಯ ಉದ್ದ, ನಡುವಿನ ಸಂದು. ಪಕ್ಕದಿಂದ ತೆಗೆದ ಒಂದು ನಿಮಿಷದ ವಿಡಿಯೊ, ಸೆನ್ಸರಿನ ಲೈಟ್ ಮತ್ತು ಸ್ಕ್ಯಾನರಿನ ಲೈಟ್ ಎರಡೂ ಕಾಣುವಂತೆ. ಬೀಪ್ ಕೇಳಿಸಬೇಕು, ಹಾಗಾಗಿ ವಿಡಿಯೊ ತೆಗೆಯುವಷ್ಟು ಹೊತ್ತು ಗೋಡೌನಿನ ರೇಡಿಯೊ ಬಂದ್ ಮಾಡಿಸಿ.